ಎಕ್ಸ್‌ರೇಯಲ್ಲಿ ನೆರಳು ಕಂಡಿದೆ, ಮುಂದೇನು ಡಾಕ್ಟ್ರೇ?

ಹೋದ ತಿಂಗಳು ಇದೇ ಪುಟದಲ್ಲಿ ಒಬ್ಬರ ಕೆಮ್ಮಿನ ಪ್ರಶ್ನೆಗೆ ಉತ್ತರ ಬರೆಯುವಾಗ, ಎದೆ ಮಧ್ಯದ ನೆರಳು ಅಗಲವಾಗಿ ಕಂಡರೆ ಅದು ಲಿಂಫೋಮಾ ಕೂಡ ಇರಬಹುದು ಅಂದಿದ್ದೆ. ಒಂದೇ ಸಾಲು. ಆಮೇಲೆ ಬಂದ ಪತ್ರಗಳನ್ನು ನೋಡಿದರೆ ಇಡೀ ಕೊಡಗಿನ ಎಕ್ಸ್‌ರೇ ನನ್ನ ಮೇಜಿನ ಮೇಲೆ ಬಂದು ಬಿದ್ದ ಹಾಗಿದೆ. ಕೆಲವರು ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದ್ದಾರೆ. ಒಂದರಲ್ಲಂತೂ ಶ್ವಾಸಕೋಶದ ಹಿಂದೆ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಎಲ್ಲ ಚೆನ್ನಾಗಿ ಕಾಣುತ್ತಿದೆ, ಕಾಯಿಲೆ ಮಾತ್ರ ಕಾಣುತ್ತಿಲ್ಲ. ಅಂಥ ಫೋಟೋ ನೋಡಿ ನಾನು ಏನೂ ಹೇಳಲಾರೆ, ಬೇಜಾರು ಮಾಡ್ಕೋಬೇಡಿ.

ಗೊತ್ತಿಲ್ಲದವರಿಗೆ ಒಂದು ಮಾತು. ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳ ಒಂದು ಜಾತಿಯಲ್ಲಿ ಹುಟ್ಟುವ ಕ್ಯಾನ್ಸರ್. ಕುತ್ತಿಗೆ, ಕಂಕುಳು, ಎದೆ, ಹೊಟ್ಟೆಯ ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಗಂಟು ಕಟ್ಟುವುದು ಇದರ ಗುಣ. ಹಾಡ್ಜ್‌ಕಿನ್, ನಾನ್ ಹಾಡ್ಜ್‌ಕಿನ್ ಅಂತ ಎರಡು ದೊಡ್ಡ ಗುಂಪು, ಒಳಗೆ ಹತ್ತಾರು ಬಗೆ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರುಗಳಲ್ಲಿ ಹಾಡ್ಜ್‌ಕಿನ್ ಒಂದು, ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಪ್ರಶ್ನೆ: ಮಗಳಿಗೆ 22 ವರ್ಷ, ಮೈಸೂರಿನಲ್ಲಿ ಓದುತ್ತಿದ್ದಾಳೆ. ಪುತ್ತರಿ ಹಬ್ಬಕ್ಕೆ ಮನೆಗೆ ಬಂದಾಗ ನೋಡಿದರೆ ತುಂಬಾ ಸಣ್ಣಗಾಗಿದ್ದಳು. ಎರಡು ತಿಂಗಳಿಂದ ಒಣಕೆಮ್ಮು, ಮೈಯೆಲ್ಲ ತುರಿಕೆ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು. ಎಕ್ಸ್‌ರೇಯಲ್ಲಿ ‘ಮೀಡಿಯಾಸ್ಟೈನಮ್ ಅಗಲವಾಗಿದೆ’ ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರ್ ಟಿಬಿ ಇರಬೇಕು, ಮಾತ್ರೆ ಶುರು ಮಾಡೋಣ ಅನ್ನುತ್ತಾರೆ. ಇನ್ನೊಬ್ಬರು ಲಿಂಫೋಮಾ ಇರಬಹುದು ಅನ್ನುತ್ತಾರೆ. ಯಾರನ್ನು ನಂಬಲಿ? ಸೀದಾ ಪೆಟ್ ಸ್ಕ್ಯಾನ್ ಮಾಡಿಸಿಬಿಟ್ಟರೆ ಗೊತ್ತಾಗಲ್ವಾ? (ಗೋಣಿಕೊಪ್ಪದ ಒಬ್ಬ ತಾಯಿ)

ಉತ್ತರ: ಅಕ್ಕ, ಇಬ್ಬರೂ ಸರಿಯಾಗಿಯೇ ಯೋಚಿಸಿದ್ದಾರೆ. ಆದರೆ ಫಿಲ್ಮ್ ನೋಡಿ ಇದು ಇಂಥದ್ದೇ ಅಂತ ಇಬ್ಬರಿಗೂ ಹೇಳೋಕಾಗಲ್ಲ, ನನಗೂ ಆಗಲ್ಲ. ಮೂವತ್ತು ಚಿಲ್ಲರೆ ವರ್ಷ ಕತ್ತಲೆ ಕೋಣೆಯಲ್ಲಿ ಕೂತು ಬೇರೆಯವರ ಎದೆ ನೋಡಿದ್ದೇ ನನ್ನ ಕೆಲಸ, ಆದರೂ ಆಗಲ್ಲ.

ಎರಡು ಶ್ವಾಸಕೋಶಗಳ ನಡುವಿನ ಜಾಗಕ್ಕೆ ಮೀಡಿಯಾಸ್ಟೈನಮ್ ಅನ್ನುತ್ತೇವೆ. ಹೃದಯ, ದೊಡ್ಡ ರಕ್ತನಾಳಗಳು, ಉಸಿರ್ನಾಳ, ಅನ್ನನಾಳ, ದುಗ್ಧರಸ ಗ್ರಂಥಿಗಳು ಎಲ್ಲ ಅಲ್ಲೇ ಒತ್ತೊತ್ತಾಗಿ ಇರುತ್ತವೆ, ಸಂತೆ ದಿನದ ಬಸ್ಸಿನ ಹಾಗೆ. ಎಕ್ಸ್‌ರೇಯಲ್ಲಿ ಗಾಳಿ ಕಪ್ಪಗೆ ಕಾಣುತ್ತದೆ, ಉಳಿದದ್ದೆಲ್ಲ ಒಂದರ ಮೇಲೊಂದು ಬಿದ್ದು ಮಧ್ಯದಲ್ಲಿ ಒಂದೇ ಬಿಳಿ ನೆರಳು. ಅದು ಅಗಲವಾಗಿದ್ದರೆ ಕ್ಯಾನ್ಸರ್ ಅಂತ ಅರ್ಥವಲ್ಲ. ಉಸಿರು ಪೂರ್ತಿ ಎಳೆದುಕೊಳ್ಳದೆ ತೆಗೆಸಿದರೂ, ಮಲಗಿಸಿ ತೆಗೆದರೂ ಅಗಲ ಕಾಣುತ್ತದೆ. ಥೈರಾಯ್ಡ್ ಊದಿ ಎದೆಮೂಳೆಯ ಹಿಂದಕ್ಕೆ ಇಳಿದಿದ್ದರೂ ಹಾಗೇ. ಆದರೆ ನಿಮ್ಮ ಮಗಳ ವಯಸ್ಸು, ಕೆಮ್ಮು, ತುರಿಕೆ, ಬೆವರು, ಸೊರಗಿದ್ದು ಎಲ್ಲ ಸೇರಿಸಿ ನೋಡಿದಾಗ ಸುಮ್ನೆ ಬಿಡುವ ಹಾಗಿಲ್ಲ. ಎದೆಯಲ್ಲಿ ಶುರುವಾಗುವ ಹಾಡ್ಜ್‌ಕಿನ್ ಹರೆಯದವರಲ್ಲೇ ಜಾಸ್ತಿ. ಗುಳ್ಳೆ ಇಲ್ಲದೆ ಬರುವ ತುರಿಕೆಯೂ ಅದರ ಒಂದು ಗುರುತು. ನಾವು ಕೇಳುವ ಪ್ರಶ್ನೆಗಳು ಮೂರು: 38 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವರ ಇದೆಯಾ, ಹಾಸಿಗೆ ಒದ್ದೆಯಾಗುವ ಬೆವರು ಇದೆಯಾ, ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತು ಪಾಲು ಇಳಿದಿದೆಯಾ. ಅಂದರೆ 50 ಕಿಲೋ ಇದ್ದವಳು 45ಕ್ಕೆ ಬಂದಳಾ ಅಂತ. ಪುತ್ತರಿ ಹೊತ್ತಿನ ಚಳಿಯಲ್ಲಿ, ರಗ್ಗು ಒದ್ದು ಬಟ್ಟೆ ಬದಲಿಸುವಷ್ಟು ಬೆವರು ಅಂದರೆ ಅದು ಲೆಕ್ಕಕ್ಕೆ ಬರುತ್ತದೆ. ತೊಂದರೆ ಏನಂದರೆ ಟಿಬಿಯೂ ಇದೇ ಮೂರನ್ನು ಹೊತ್ತುಕೊಂಡು ಬರುತ್ತದೆ!

ಮುಂದಿನ ಹೆಜ್ಜೆ, ಕಾಂಟ್ರಾಸ್ಟ್ ಹಾಕಿ ಎದೆಯ ಸಿಟಿ ಸ್ಕ್ಯಾನ್. ಕೈನರಕ್ಕೆ ಅಯೋಡಿನ್ ಇರುವ ಔಷಧಿ ಕೊಡುತ್ತಾರೆ, ಮೈ ಒಂದು ನಿಮಿಷ ಬಿಸಿಯಾದ ಹಾಗಾಗುತ್ತದೆ, ಅಷ್ಟೆ. ಅದಕ್ಕೆ ಮೊದಲು ಕಿಡ್ನಿ ಸರಿಯಿದೆಯಾ ಅಂತ ನೋಡಲು ಕ್ರಿಯಾಟಿನಿನ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಸಿಟಿಯಲ್ಲಿ ಎದೆಯನ್ನು ಬ್ರೆಡ್ಡಿನ ಚೂರುಗಳ ಹಾಗೆ ಬಿಡಿಬಿಡಿಯಾಗಿ ನೋಡಬಹುದು. ಟಿಬಿಯ ಗಂಟು ಸಾಮಾನ್ಯವಾಗಿ ಉಸಿರ್ನಾಳದ ಬಲಪಕ್ಕದಲ್ಲಿರುತ್ತದೆ, ಅಂಚು ಬೆಳ್ಳಗೆ ಹೊಳೆಯುತ್ತದೆ, ನಡುವೆ ಕಪ್ಪು. ಆ ಗಂಟಿನ ಒಳಗೆ ಸತ್ತ ಭಾಗ ಗಿಣ್ಣಿನ ಹಾಗೆ ಮೆತ್ತಗಿರುತ್ತದೆ, ರಕ್ತ ಹೋಗುವುದಿಲ್ಲ, ಅದಕ್ಕೇ ಕಪ್ಪು. ಲಿಂಫೋಮಾ ಮೀಡಿಯಾಸ್ಟೈನಮ್‌ನ ಮುಂಭಾಗದಲ್ಲಿ, ಎದೆಮೂಳೆಯ ಹಿಂದೆಯೇ ಕೂರುವುದು ಜಾಸ್ತಿ. ಹಲವು ಗಂಟುಗಳು ಕೂಡಿಕೊಂಡು ಒಂದೇ ಗಡ್ಡೆಯಾಗಿ, ಎಲ್ಲ ಕಡೆ ಒಂದೇ ಬಣ್ಣದಲ್ಲಿ, ರಕ್ತನಾಳಗಳನ್ನು ತಳ್ಳುತ್ತಾ ಸುತ್ತಿಕೊಳ್ಳುತ್ತಾ ಹರಡಿರುತ್ತದೆ. ಪುಸ್ತಕದಲ್ಲಿ ಹೀಗಿದೆ. ಆದರೆ ಲಿಂಫೋಮಾದ ಗಡ್ಡೆಯೂ ನಡುವೆ ಕೊಳೆತು ಕಪ್ಪಾಗಬಹುದು, ಟಿಬಿಯೂ ಒಂದೇ ಬಣ್ಣದಲ್ಲಿ ಕಂಡು ಮೋಸ ಮಾಡಬಹುದು. ಎದೆಮೂಳೆಯ ಹಿಂದಿರುವ ಥೈಮಸ್ ಅನ್ನುವ ಗ್ರಂಥಿಯ ಗಡ್ಡೆ, ಸಾರ್ಕಾಯ್ಡ್ ಅನ್ನುವ ಇನ್ನೊಂದು ಕಾಯಿಲೆ, ಇವೂ ಸಾಲಿನಲ್ಲಿ ನಿಂತಿರುತ್ತವೆ.

ಪೆಟ್ ಸ್ಕ್ಯಾನ್ ಅಂದರೆ ವಿಕಿರಣ ಅಂಟಿಸಿದ ಸಕ್ಕರೆ ಕೊಟ್ಟು, ಮೈಯಲ್ಲಿ ಅದು ಎಲ್ಲಿ ಜಾಸ್ತಿ ಸೇರುತ್ತದೆ ಅಂತ ನೋಡುವ ಪರೀಕ್ಷೆ. ಅದನ್ನು ಮೊದಲೇ ಮಾಡಿಸಿದರೆ ಟಿಬಿಯೋ ಲಿಂಫೋಮಾವೋ ಗೊತ್ತಾಗುತ್ತದೆ ಅನ್ನೋದು ಬಹಳ ಜನರ ನಂಬಿಕೆ. ಗೊತ್ತಾಗಲ್ಲ, ಎರಡೂ ಪೆಟ್‌ನಲ್ಲಿ ಪಳಪಳ ಹೊಳೆಯುತ್ತವೆ. ಎಲ್ಲಿ ಚುಚ್ಚಿದರೆ ಒಳ್ಳೆ ತುಣುಕು ಸಿಗುತ್ತದೆ ಅಂತ ದಾರಿ ತೋರಿಸಲು ಅದು ಉಪಯೋಗಕ್ಕೆ ಬರುತ್ತದೆ, ಆಮೇಲೆ ಕಾಯಿಲೆ ಎಲ್ಲೆಲ್ಲಿ ಹರಡಿದೆ ಅಂತ ತಿಳಿಯಲು ಬೇಕೇ ಬೇಕು. ಕಾಯಿಲೆಯ ಹೆಸರು ಹೇಳುವುದು ಮಾತ್ರ ತುಣುಕು, ಅಂದರೆ ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ.

ಈಗ ನೀವು ಮಾಡಬೇಕಾದ ಒಂದು ಕೆಲಸ ಇದೆ. ಮಗಳನ್ನು ಬೆಳಕಿನಲ್ಲಿ ಕೂರಿಸಿ, ಅವಳ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಎರಡು ಬೆರಳಿಟ್ಟು ಮೆಲ್ಲಗೆ ಸವರಿ ನೋಡಿ. ಎರಡೂ ಕಡೆ. ನೋವಿಲ್ಲದ, ರಬ್ಬರಿನ ಹಾಗೆ ಒತ್ತಿಕೊಳ್ಳುವ ಗಂಟು ಸಿಕ್ಕಿದರೆ ಡಾಕ್ಟರಿಗೆ ಹೇಳಿ. ಕುತ್ತಿಗೆಯ ಗಂಟನ್ನು ಸಣ್ಣ ಆಪರೇಷನ್‌ನಲ್ಲಿ ಇಡಿಯಾಗಿ ತೆಗೆಯಬಹುದು, ಎದೆಗೆ ಕೈ ಹಾಕುವ ಅಗತ್ಯವೇ ಬೀಳದಿರಬಹುದು. ಗಂಟು ಸಿಗದಿದ್ದರೆ ಸಿಟಿಯಲ್ಲಿ ನೋಡಿಕೊಂಡು ಎದೆಮೂಳೆಯ ಪಕ್ಕದಿಂದ ದಪ್ಪ ಸೂಜಿ ಹಾಕಿ ತುಣುಕು ತೆಗೆಯುತ್ತಾರೆ. ಉಸಿರ್ನಾಳದ ಪಕ್ಕದ ಗಂಟಾದರೆ, ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಕೊಳವೆಯನ್ನು ಬಾಯಿಯಿಂದ ಇಳಿಸಿ ಅಲ್ಲಿಂದಲೇ ತೆಗೆಯುವ ವಿಧಾನವಿದೆ. ಏನೇ ಮಾಡಲಿ, ತುಣುಕಿನ ಒಂದು ಭಾಗವನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರವದಲ್ಲೂ ಇನ್ನೊಂದು ಭಾಗವನ್ನು ಟಿಬಿ ಪರೀಕ್ಷೆಗೆ ಸಲೈನ್ ಅನ್ನುವ ಉಪ್ಪುನೀರಿನಲ್ಲೂ ಕಳಿಸಲು ಮೊದಲೇ ನೆನಪಿಸಿ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಟಿಬಿ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಮಾಡೋಕಾಗಲ್ಲ. ಸಣ್ಣ ವಿಷಯ, ಆದರೆ ಇದೊಂದನ್ನು ಮರೆತು ಮತ್ತೆ ಚುಚ್ಚಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ತುಣುಕು ತೆಗೆಯುವ ಮೊದಲು ‘ನೋಡೋಣ’ ಅಂತ ಟಿಬಿ ಮಾತ್ರೆ ಬೇಡ. ಸ್ಟೀರಾಯ್ಡ್ ಅಂತೂ ಬೇಡವೇ ಬೇಡ. ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾದ ಕಣಗಳು ಕೆಲವೇ ದಿನದಲ್ಲಿ ಕರಗಿ, ಗಡ್ಡೆ ಕುಗ್ಗಿ, ಎಲ್ಲರಿಗೂ ಖುಷಿಯಾಗುತ್ತದೆ, ಆಮೇಲೆ ಚುಚ್ಚಿದರೆ ಸೂಕ್ಷ್ಮದರ್ಶಕದಲ್ಲಿ ಏನೂ ಸಿಗುವುದಿಲ್ಲ, ಮತ್ತೆ ಬೆಳೆಯುವವರೆಗೆ ಕಾಯಬೇಕು. ನನ್ನ ಹತ್ತಿರ ಸಿಟಿಗೆ ಬಂದ ಒಬ್ಬ ಹುಡುಗ ಬೇರೆ ಕಡೆ ನಾಲ್ಕು ತಿಂಗಳು ಟಿಬಿ ಮಾತ್ರೆ ನುಂಗಿದ್ದ. ಮೊದಲ ತಿಂಗಳು ಜ್ವರ ಇಳಿದಿತ್ತಂತೆ. ಹಾಡ್ಜ್‌ಕಿನ್ ಜ್ವರ ಕೆಲವರಲ್ಲಿ ತಾನಾಗಿಯೇ ಬಂದು ಹೋಗಿ ಮಾಡುತ್ತದೆ, ಯಾರೂ ಅದನ್ನು ಯೋಚಿಸಿರಲಿಲ್ಲ. ನಾಲ್ಕು ತಿಂಗಳ ಹಿಂದಿನ ಎಕ್ಸ್‌ರೇಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಆದ ಸಂಕಟ ಈಗಲೂ ನೆನಪಿದೆ.

ಬೆಳಿಗ್ಗೆ ಎದ್ದಾಗ ಅವಳ ಮುಖ, ಕಣ್ಣು ಊದಿದರೆ, ಕುತ್ತಿಗೆಯ ನರ ಉಬ್ಬಿ ನಿಂತರೆ, ಅಂಗಾತ ಮಲಗಿದರೆ ಉಸಿರು ಕಟ್ಟಿದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಮೇಲಿನಿಂದ ಹೃದಯಕ್ಕೆ ರಕ್ತ ತರುವ ನಾಳವನ್ನು ಗಡ್ಡೆ ಒತ್ತುತ್ತಿದೆ ಅಂತ ಅರ್ಥ. ಕಾಫಿ ಕುಯ್ಲು ಮುಗಿಯಲಿ ಅಂತ ಕಾಯಬೇಡಿ.

ಪ್ರಶ್ನೆ: ನನ್ನ ಎದೆ ಎಕ್ಸ್‌ರೇ ನಾರ್ಮಲ್ ಬಂದಿದೆ. ಹಾಗಾದರೆ ಲಿಂಫೋಮಾ ಇಲ್ಲ ಅಂತ ನೆಮ್ಮದಿಯಾಗಿ ಇರಬಹುದಾ? (ಸೋಮವಾರಪೇಟೆಯ ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ನಿಮಗೆ ಯಾವ ತೊಂದರೆಯೂ ಇಲ್ಲದಿದ್ದರೆ ಇರಬಹುದು. ತೊಂದರೆ ಇದ್ದರೆ ಎಕ್ಸ್‌ರೇ ಒಂದನ್ನೇ ನಂಬಬೇಡಿ. ಹೃದಯದ ಹಿಂದೆ, ಉಸಿರ್ನಾಳ ಕವಲಾಗುವ ಜಾಗದ ಕೆಳಗೆ ಸಣ್ಣ ಗಂಟುಗಳಿದ್ದರೆ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಹೊಟ್ಟೆಯೊಳಗಿನ ಗಂಟಂತೂ ಎದೆ ಎಕ್ಸ್‌ರೇಯಲ್ಲಿ ಎಲ್ಲಿ ಕಂಡೀತು?

ಪ್ರಶ್ನೆ: ನಾನು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಮ್ಮ ಲೈನ್ ಮನೆಯ ಒಬ್ಬ ಕೆಲಸಗಾರನಿಗೆ ಕುತ್ತಿಗೆಯಲ್ಲಿ ಗಂಟು, ಎದೆಯಲ್ಲೂ ಇದೆ ಅಂತಾರೆ. ಸಣ್ಣ ಸೂಜಿ ಹಾಕಿ ಎಫ್‌ಎನ್‌ಎಸಿ ಮಾಡಿದರು, ಏನೂ ಇಲ್ಲ, ಬರೀ ಊತ ಅಂತ ಬಂತು. ಈಗ ಮತ್ತೆ ಬಯಾಪ್ಸಿ, ಆಮೇಲೆ ಅದಕ್ಕೆ ಇನ್ನೇನೋ ಬಣ್ಣದ ಟೆಸ್ಟ್ ಅಂತಾರೆ. ಒಂದು ದಿನದ ಕೂಲಿ ಹೋದರೆ ಅವನಿಗೆ ಕಷ್ಟ. ಇದೆಲ್ಲ ದುಡ್ಡು ಕೀಳುವ ದಾರಿಯಾ? (ಸಿದ್ದಾಪುರದ ಓದುಗರು)

ಉತ್ತರ: ಅನುಮಾನ ಪಡುವುದರಲ್ಲಿ ತಪ್ಪಿಲ್ಲ, ರೈಟರ್ ಅವರೇ. ಆದರೆ ಇಲ್ಲಿ ಬಯಾಪ್ಸಿ ಹೇಳಿದವರು ಸರಿ ಹೇಳಿದ್ದಾರೆ. ನಿಮಗೆ ಕಾಫಿ ಲೆಕ್ಕದಲ್ಲೇ ಹೇಳುತ್ತೇನೆ. ವ್ಯಾಪಾರಿ ಒಂದು ಚೀಲಕ್ಕೆ ಕೊಕ್ಕೆ ಚುಚ್ಚಿ ನಾಲ್ಕು ಕಾಳು ಕೈಗೆ ಹಾಕಿಕೊಂಡು ಔಟ್‌ಟರ್ನ್, ಅಂದರೆ ಚೀಲಕ್ಕೆ ಸಿಗುವ ಕಾಫಿ ಬೀಜದ ಲೆಕ್ಕ, ಇಷ್ಟೇ ಅಂದರೆ ನೀವು ಒಪ್ಪುತ್ತೀರಾ? ಹಾಡ್ಜ್‌ಕಿನ್ ಗಂಟಿನೊಳಗೆ ನಿಜವಾದ ಕ್ಯಾನ್ಸರ್ ಕಣಗಳು ನೂರಕ್ಕೆ ಒಂದರಷ್ಟು ಇದ್ದರೂ ಇರಬಹುದು. ಉಳಿದದ್ದೆಲ್ಲ ಜಗಳ ನೋಡಲು ಸೇರಿದ ಗುಂಪಿನ ಹಾಗೆ ಸುತ್ತ ನೆರೆದ ಮಾಮೂಲಿ ಕಣಗಳು. ಸಣ್ಣ ಸೂಜಿಗೆ ಆ ಗುಂಪು ಸಿಗುತ್ತದೆ, ಕಳ್ಳ ಸಿಗುವುದಿಲ್ಲ. ಆಗ ‘ಬರೀ ಊತ’ ಅಂತ ರಿಪೋರ್ಟ್ ಬರುತ್ತದೆ. ಗಂಟು ಇಡಿಯಾಗಿ ಸಿಕ್ಕಿದರೆ ಕಣಗಳು ಹೇಗೆ ಕೂತಿವೆ ಅನ್ನುವುದೂ ತಿಳಿಯುತ್ತದೆ. ಲಿಂಫೋಮಾದ ಬಗೆ ಹೇಳಲು ಅದು ಬೇಕು.

ಬಣ್ಣದ ಟೆಸ್ಟ್ ಅಂದರೆ ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಕಣದ ಮೈಮೇಲೆ ಯಾವ ಗುರುತಿದೆ ಅಂತ ಹುಡುಕುವುದು. ಸಿಡಿ 30, ಸಿಡಿ 15 ಅನ್ನುವ ಗುರುತುಗಳು ಇದ್ದರೆ ಹಾಡ್ಜ್‌ಕಿನ್ ಕಡೆಗೆ ವಾಲುತ್ತೇವೆ. ಸಿಡಿ 20 ಗಟ್ಟಿಯಾಗಿ ಇದ್ದರೆ ಬಿ ಕಣ ಅನ್ನುವ ಬಿಳಿ ರಕ್ತಕಣದಲ್ಲಿ ಹುಟ್ಟುವ ನಾನ್ ಹಾಡ್ಜ್‌ಕಿನ್ ಕಡೆಗೆ. ಎರಡಕ್ಕೂ ಕೊಡುವ ಔಷಧಿ ಬೇರೆ, ಅದಕ್ಕೇ ಈ ಕಾಟ.

ಇನ್ನೊಂದು ಕಥೆ ಹೇಳಲೇಬೇಕು. ಥಾಮಸ್ ಹಾಡ್ಜ್‌ಕಿನ್ ಅನ್ನುವ ಡಾಕ್ಟರ್ ಲಂಡನ್ನಿನಲ್ಲಿ ಈ ಕಾಯಿಲೆಯ ಬಗ್ಗೆ ಬರೆದದ್ದು 1832ರಲ್ಲಿ. ಏಳು ರೋಗಿಗಳ ವಿಷಯ, ಎಲ್ಲ ಬರಿಗಣ್ಣಿನಲ್ಲಿ ನೋಡಿದ್ದು. ಕಾಯಿಲೆಯ ಗುರುತಿನ ಕಣಗಳನ್ನು ಸ್ಟರ್ನ್‌ಬರ್ಗ್ ಅನ್ನುವ ಡಾಕ್ಟರ್ 1898ರಲ್ಲಿ, ಡೊರೊತಿ ರೀಡ್ 1902ರಲ್ಲಿ ವಿವರಿಸಿದರು. ಆಮೇಲೆ 1926ರಲ್ಲಿ ಹಾಡ್ಜ್‌ಕಿನ್ ಕಾಲದಿಂದ ಕೆಡದಂತೆ ಇಟ್ಟಿದ್ದ ಕೆಲವು ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಲ್ಲವೂ ಒಂದೇ ಕಾಯಿಲೆ ಆಗಿರಲಿಲ್ಲ! ಯಾರ ಹೆಸರನ್ನು ಕಾಯಿಲೆಗೆ ಇಟ್ಟಿದ್ದೇವೋ ಅವರಿಗೇ ಬರಿಗಣ್ಣಲ್ಲಿ ಪೂರ್ತಿ ಗುರುತು ಸಿಕ್ಕಿರಲಿಲ್ಲ ಅಂದಮೇಲೆ ನಮ್ಮ ನಿಮ್ಮ ಪಾಡೇನು.

ದುಡ್ಡಿನ ವಿಷಯ: ಅವನಿಗೆ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯ ಇದೆ. ಕಾರ್ಡ್ ಮಾಡಿಸಿಕೊಡುವ ಕೆಲಸ ನೀವು ಮಾಡಿ, ಅವನಿಗೆ ಆ ಓಡಾಟ ಗೊತ್ತಿರುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿಗೆ ಹೋಗುವಾಗ ರಿಪೋರ್ಟ್ ಮಾತ್ರ ಒಯ್ದರೆ ಸಾಲದು, ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ಕೇಳಿ ಪಡೆದು ಜೊತೆಗೆ ಒಯ್ಯಲಿ. ಅಲ್ಲಿಯವರು ಅದನ್ನೇ ಮತ್ತೆ ನೋಡುತ್ತಾರೆ, ಎರಡನೇ ಸಲ ಕುಯ್ಯುವುದು ತಪ್ಪುತ್ತದೆ.

ಪ್ರಶ್ನೆ: ಸ್ವಲ್ಪ ಮುಜುಗರದ ಪ್ರಶ್ನೆ. ಮನೆಯಲ್ಲಿ ಮಾಡಿದ ವೈನ್ ಒಂದು ಲೋಟ ಕುಡಿದರೂ ಕುತ್ತಿಗೆ ಮತ್ತು ಎದೆಯ ಮೇಲ್ಭಾಗದಲ್ಲಿ ನೋವು ಬರುತ್ತದೆ. ಮೊದಲು ಹೀಗಿರಲಿಲ್ಲ. ಇದಕ್ಕೂ ನೀವು ಬರೆದ ಕಾಯಿಲೆಗೂ ಸಂಬಂಧ ಇದೆಯಾ? (ನಾಪೋಕ್ಲು)

ಉತ್ತರ: ಮುಜುಗರ ಯಾಕೆ, ಒಳ್ಳೆ ಪ್ರಶ್ನೆ. ಹಾಡ್ಜ್‌ಕಿನ್ ಇರುವ ಕೆಲವರಿಗೆ ಮದ್ಯ ಕುಡಿದ ಸ್ವಲ್ಪ ಹೊತ್ತಿಗೆ ಗಂಟಿರುವ ಜಾಗದಲ್ಲಿ ನೋವು ಬರುವುದುಂಟು. ಅಪರೂಪ. ಯಾಕೆ ಹಾಗಾಗುತ್ತದೆ ಅಂತ ಗಟ್ಟಿಯಾಗಿ ಹೇಳುವವರಿಲ್ಲ. ನಿಮ್ಮದು ಹುಳಿತೇಗು, ಗ್ಯಾಸ್ಟ್ರಿಕ್ ಇರುವ ಸಂಭವವೇ ಜಾಸ್ತಿ. ವಯಸ್ಸು ನಲವತ್ತು ದಾಟಿದ್ದರೆ ಮೊದಲು ಹೃದಯ ನೋಡಿಸಿ. ಆದರೂ ಕುತ್ತಿಗೆ ಸವರಿ ನೋಡಿಸಿಕೊಂಡು ಒಂದು ಎಕ್ಸ್‌ರೇ ತೆಗೆಸಿ. ಖಚಿತ ಮಾಡಿಕೊಳ್ಳಲು ಅಂತ ಇನ್ನೊಂದು ಲೋಟ ಕುಡಿದು ನೋಡುವುದು ಬೇಡ, ಅದು ಟೆಸ್ಟ್ ಅಲ್ಲ.

ಪ್ರಶ್ನೆ: ನನಗೆ 28. ಬಯಾಪ್ಸಿಯಲ್ಲಿ ಹಾಡ್ಜ್‌ಕಿನ್ ಅಂತ ಖಚಿತವಾಗಿದೆ. ಕೀಮೋ ಶುರು ಮಾಡುವ ಮೊದಲು ಪೆಟ್ ಸಿಟಿ, ಎರಡು ಸುತ್ತು ಆದಮೇಲೆ ಇನ್ನೊಂದು ಪೆಟ್ ಸಿಟಿ ಅಂದಿದ್ದಾರೆ. ಅಷ್ಟು ಸಲ ಯಾಕೆ? ಅದಕ್ಕೆ ತಯಾರಿ ಏನು? (ಕುಶಾಲನಗರ)

ಉತ್ತರ: ತಮ್ಮಾ, ಧೈರ್ಯವಾಗಿರು. ನಿನ್ನ ವಯಸ್ಸಿನಲ್ಲಿ ಈ ಕಾಯಿಲೆ ಗುಣವಾಗುವವರೇ ಹೆಚ್ಚು.

ಪೆಟ್‌ನಲ್ಲಿ ಕೊಡುವುದು ಸ್ವಲ್ಪ ವಿಕಿರಣ ಅಂಟಿಸಿದ ಸಕ್ಕರೆ. ಹಸಿದ ಕಣ ಎಲ್ಲಿದೆಯೋ ಅಲ್ಲಿ ಆ ಸಕ್ಕರೆ ಜಾಸ್ತಿ ಸೇರುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಆದ್ದರಿಂದ ಆರು ಗಂಟೆ ಏನೂ ತಿನ್ನಬಾರದು, ನೀರು ಮಾತ್ರ ಕುಡಿ. ಸಕ್ಕರೆ ಹಾಕದ ಕಾಫಿಯೂ ಬೇಡ, ಕೊಡಗಿನವರಿಗೆ ಇದೇ ದೊಡ್ಡ ಶಿಕ್ಷೆ. ಹಿಂದಿನ ದಿನ ಅಕ್ಕಿ ರೊಟ್ಟಿ, ಕಡಂಬುಟ್ಟು, ಪಾಪುಟ್ಟು ಅಂಥ ಅಕ್ಕಿ ತಿಂಡಿ ಕಡಿಮೆ ಮಾಡು. ಪಂದಿ ಕರಿ, ಅದೇ ಹಂದಿ ಮಾಂಸ, ಬೇಕಾದರೆ ತಿನ್ನು, ಕಡಂಬುಟ್ಟು ಇಲ್ಲದೆ ಅದು ಇಳಿಯುವುದಾದರೆ! ಹಿಂದಿನ ದಿನ ಏಣಿ ಹತ್ತಿ ಮೆಣಸು ಕುಯ್ಯುವುದು, ಮರಗಸಿ ಅಂತ ಕೊಂಬೆ ಕಡಿಯುವುದು, ಮೂಟೆ ಹೊರುವುದು ಯಾವುದೂ ಬೇಡ, ದುಡಿದ ಮಾಂಸಖಂಡ ಸಕ್ಕರೆಯನ್ನು ತಾನೇ ಎಳೆದುಕೊಂಡುಬಿಡುತ್ತದೆ. ಶುಗರ್ ಇದ್ದರೆ, ಮಾತ್ರೆ ಇನ್ಸುಲಿನ್ ಬಗ್ಗೆ ಮೊದಲೇ ಕೇಳಿಕೋ.

ನಮ್ಮ ಊರಿನವರಿಗೇ ಇರುವ ಒಂದು ಎಚ್ಚರಿಕೆ: ಚಳಿ. ಮೈ ಬೆಚ್ಚಗಿಡಲು ಉರಿಯುವ ಕಂದು ಬಣ್ಣದ ಕೊಬ್ಬು ನಮ್ಮ ಕುತ್ತಿಗೆ, ಕೊರಳೆಲುಬಿನ ಮೇಲೆ, ಬೆನ್ನುಮೂಳೆಯ ಪಕ್ಕದಲ್ಲಿ ಇರುತ್ತದೆ. ತೆಳ್ಳಗಿನ ಹರೆಯದವರಲ್ಲಿ ಜಾಸ್ತಿ. ಚಳಿಯಾದರೆ ಅದು ಸಕ್ಕರೆ ತಿಂದು ಹೊಳೆಯುತ್ತದೆ, ಅದೂ ಸರಿಯಾಗಿ ಲಿಂಫೋಮಾ ಗಂಟು ಕೂರುವ ಜಾಗದಲ್ಲೇ. ಸಿಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಗಂಟಲ್ಲ, ಬರೀ ಕೊಬ್ಬು ಅಂತ ತಿಳಿಯುತ್ತದೆ, ಆದರೂ ಗೊಂದಲ ಯಾಕೆ? ಜನವರಿಯ ಮಂಜಿನಲ್ಲಿ ಬೆಳಗಿನ ಜಾವ ಬೈಕಿನಲ್ಲಿ ಹೊರಡಬೇಡ. ಸ್ವೆಟರ್, ಟೋಪಿ ಹಾಕಿಕೋ, ಇಂಜೆಕ್ಷನ್ ಆದಮೇಲೆ ಕಾಯುವ ಒಂದು ಗಂಟೆಯಲ್ಲಿ ಎಸಿ ಜಾಸ್ತಿಯಾದರೆ ನಾಚಿಕೊಳ್ಳದೆ ಕಂಬಳಿ ಕೇಳು.

ಎರಡು ಸುತ್ತಿನ ನಂತರದ ಪೆಟ್ ಔಷಧಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು. ರಿಪೋರ್ಟಿನಲ್ಲಿ ಡೋವಿಲ್ ಸ್ಕೋರ್ ಅಂತ 1ರಿಂದ 5ರವರೆಗೆ ಒಂದು ಅಂಕಿ ಇರುತ್ತದೆ. ಫ್ರಾನ್ಸಿನ ಡೋವಿಲ್ ಊರಿನಲ್ಲಿ 2009ರಲ್ಲಿ ಡಾಕ್ಟರುಗಳು ಸೇರಿ ಮಾಡಿಕೊಂಡ ಅಳತೆ ಇದು. ಗಂಟಿನ ಹೊಳಪನ್ನು ನಿನ್ನದೇ ಲಿವರಿನ ಹೊಳಪಿನ ಜೊತೆ ಹೋಲಿಸುತ್ತಾರೆ. ಲಿವರಿಗಿಂತ ಜಾಸ್ತಿ ಹೊಳೆಯದಿದ್ದರೆ 1, 2 ಅಥವಾ 3, ಸಾಮಾನ್ಯವಾಗಿ ಒಳ್ಳೆಯ ಸುದ್ದಿ. 4, 5 ಬಂದರೆ ಔಷಧಿ ಬದಲಿಸುವ ಮಾತು ಬರಬಹುದು. ಕೀಮೋ ಎಲ್ಲ ಮುಗಿದ ಮೇಲೂ ಸಿಟಿಯಲ್ಲಿ ಒಂದು ಗಡ್ಡೆ ಉಳಿದಿದೆ ಅಂತ ಬರೆಯಬಹುದು, ಅದನ್ನು ಓದಿ ಊಟ ಬಿಟ್ಟವರಿದ್ದಾರೆ. ಎದೆಯ ಹಾಡ್ಜ್‌ಕಿನ್ ಗಡ್ಡೆಯಲ್ಲಿ ನಾರು ಜಾಸ್ತಿ, ಕಾಯಿಲೆ ಸತ್ತರೂ ನಾರು ಉಳಿಯುತ್ತದೆ. ಹುತ್ತ ಇದೆ, ಹಾವಿಲ್ಲ. ಅದನ್ನು ಹೇಳುವುದು ಪೆಟ್, ಅಳತೆಪಟ್ಟಿಯಲ್ಲ.

ನೀನು ಕೇಳದಿದ್ದರೂ ಒಂದು ಮಾತು. ಮುಂದೆ ಮಕ್ಕಳು ಬೇಕು ಅಂತಿದ್ದರೆ ಕೀಮೋ ಶುರುವಾಗುವ ಮೊದಲೇ ವೀರ್ಯ ತೆಗೆದಿಡುವ ವಿಷಯ ಡಾಕ್ಟರ ಹತ್ತಿರ ಮಾತಾಡು. ನಾಚಿಕೆಯಿಂದ ಡಾಕ್ಟರೂ ಹೇಳದೆ ರೋಗಿಯೂ ಕೇಳದೆ ಹೋದದ್ದನ್ನು ನೋಡಿದ್ದೇನೆ.

ಪ್ರಶ್ನೆ: ಸೊಸೆಗೆ ನಾಳಿದ್ದು ಮೈಸೂರಿನಲ್ಲಿ ಪೆಟ್ ಸ್ಕ್ಯಾನ್. ಮೈಯೊಳಗೆ ವಿಕಿರಣ ಹಾಕುತ್ತಾರಂತೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗ, ಅಮ್ಮ ಬಂದ ತಕ್ಷಣ ಕಾಲಿಗೆ ಸುತ್ತಿಕೊಳ್ಳುತ್ತಾನೆ. ಎಷ್ಟು ದಿನ ದೂರ ಇಡಬೇಕು? (ಪೊನ್ನಂಪೇಟೆಯ ಅಜ್ಜಿ)

ಉತ್ತರ: ದಿನಗಟ್ಟಲೆ ಬೇಡ ಅಮ್ಮ, ಗಂಟೆಗಳ ಲೆಕ್ಕ. ಅದರಲ್ಲಿ ಹಾಕುವ ಫ್ಲೋರಿನ್ 18 ಅನ್ನುವ ವಸ್ತು ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇಂಜೆಕ್ಷನ್ ಕೊಟ್ಟರು ಅಂತಿಟ್ಟುಕೊಳ್ಳಿ. ಸ್ಕ್ಯಾನ್ ಮುಗಿಸಿ, ಊಟ ಮಾಡಿ, ಬಸ್ಸು ಹತ್ತಿ, ಹುಣಸೂರು, ತಿತಿಮತಿ ದಾಟಿ ಅವಳು ಮನೆ ತಲುಪುವ ಹೊತ್ತಿಗೆ ಸಂಜೆ ನಾಲ್ಕೂವರೆ. ಅಷ್ಟರಲ್ಲಿ ನಾಲ್ಕು ಸಲ ಅರ್ಧವಾಗಿರುತ್ತದೆ. ನೀರು ಚೆನ್ನಾಗಿ ಕುಡಿದು ಆಗಾಗ ಮೂತ್ರ ಮಾಡಿದರೆ ಇನ್ನೂ ಕಡಿಮೆ. ಸೆಂಟರಿನವರು ಹೇಳಿದಷ್ಟು ಹೊತ್ತು, ಅವತ್ತು ರಾತ್ರಿವರೆಗೆ ಅಂತಲೇ ಇಟ್ಟುಕೊಳ್ಳಿ, ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಬೇಡ, ನಿಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳಿ. ಅವನಿನ್ನೂ ಹಾಲು ಕುಡಿಯುತ್ತಿದ್ದರೆ, ಅಥವಾ ಸೊಸೆ ಬಸುರಿ ಇರಬಹುದು ಅನ್ನುವ ಅನುಮಾನ ಸ್ವಲ್ಪ ಇದ್ದರೂ, ಇಂಜೆಕ್ಷನ್‌ಗೆ ಮೊದಲೇ ಅಲ್ಲಿ ಹೇಳಬೇಕು. ಬೆಳಿಗ್ಗೆ ಎದ್ದು ಅವನು ಎಷ್ಟು ಬೇಕಾದರೂ ಕಾಲಿಗೆ ಸುತ್ತಿಕೊಳ್ಳಲಿ. ನಿಮ್ಮ ಕಾಲದ ಲೆಕ್ಕದಲ್ಲಿ ಹೇಳುವುದಾದರೆ, ಬೆಳಿಗ್ಗೆ ಒಂದು ರೂಪಾಯಿ ಹಾಕಿದ್ದು ಸಂಜೆ ಮನೆ ಬಾಗಿಲಿಗೆ ಬರುವಾಗಲೇ ಒಂದಾಣೆ ಆಗಿರುತ್ತದೆ.